ಬೀದಿ ಡಾಂಬರಿಗೆ ಎಷ್ಟಾಯಿತು? ಕೇಳುವುದು ಹೀಗೆ

ದಸರಾ ಹತ್ತಿರ ಬಂತು ಅಂದರೆ ಮೈಸೂರಿನಲ್ಲಿ ರೋಲರ್ ಸದ್ದು ಶುರು. ನಾನು ಹಿಂದೆ ಬಾಡಿಗೆಗಿದ್ದ ಬೀದಿಗೂ ಒಂದು ವರ್ಷ ಆ ಅದೃಷ್ಟ ಒಲಿದಿತ್ತು. ಮೂರು ವಾರ ಆಗಿರಲಿಲ್ಲ, ಒಳಚರಂಡಿ ಪೈಪಿಗೆಂದು ಜೆಸಿಬಿ ಬಂದು ಹೊಸ ರಸ್ತೆಯನ್ನು ನಡುಮಧ್ಯೆ ಸೀಳಿತು. ಗೇಟಿಗೆ ಒರಗಿ ನಿಂತು ಎಲ್ಲರೂ ಬೈದೆವು. ಕೆಲಸ ನಡೆಯುತ್ತಲೇ ಇತ್ತು. ನಮ್ಮ ಯಾರ ಕೈಯಲ್ಲೂ ಒಂದು ಕಾಗದ ಇರಲಿಲ್ಲ ನೋಡಿ.

ಹಾಗಾಗಿ ಮೊದಲು ಕಾಗದ, ಆಮೇಲೆ ಜಗಳ.

ರಸ್ತೆ ಯಾರದು?

ಇದನ್ನು ಬಿಟ್ಟು ಮುಂದೆ ಹೋದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಮನೆ ಮುಂದಿನ ರಸ್ತೆ ಮಹಾನಗರ ಪಾಲಿಕೆಯದೇ ಆಗಿರಬೇಕೆಂದಿಲ್ಲ. ಲೋಕೋಪಯೋಗಿ ಇಲಾಖೆಯದಿರಬಹುದು. ಹೊರವಲಯದ ಬಡಾವಣೆಗಳಲ್ಲಂತೂ ರಸ್ತೆ ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೋ, ಖಾಸಗಿ ಡೆವಲಪರ್ ಕೈಯಲ್ಲೋ ಇರುವುದುಂಟು. ಪಾಲಿಕೆಯ ವಲಯ ಕಚೇರಿಗೆ ಹೋಗಿ, ‘ನಮ್ಮ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ ಸಾರ್?’ ಎಂದು ಕೇಳಿದರೆ ಸಾಕು.

ಬೋರ್ಡು ಮತ್ತು ಮೂರು ಕಾಗದ

ಕೆಲಸದ ಜಾಗದಲ್ಲಿ ಬೋರ್ಡು ಹಾಕಿದ್ದರೆ ಫೋಟೊ ತೆಗೆದಿಡಿ. ಕಾಮಗಾರಿ ಹೆಸರು, ಮೊತ್ತ, ಗುತ್ತಿಗೆದಾರರು, ಶುರುವಾಗುವ ಮತ್ತು ಮುಗಿಯುವ ತಾರೀಖು ಅದರಲ್ಲಿ ಸಿಗುತ್ತವೆ. ಮೊತ್ತ ನೋಡಿ ಕೂಡಲೇ ಹೌಹಾರಬೇಡಿ. ಅದರಲ್ಲಿ ಜಿಎಸ್‌ಟಿ, ಶೇ 1ರ ಕಾರ್ಮಿಕ ಸೆಸ್, ಚರಂಡಿ ಕೆಲಸ ಎಲ್ಲ ಸೇರಿರಬಹುದು. ಬಿಡಿಬಿಡಿಯಾಗಿ ತಿಳಿಯಬೇಕಾದರೆ ಮೂರು ಕಾಗದ ಬೇಕು: ಎಸ್ಟಿಮೇಟ್ (ಅಂದಾಜು ಖರ್ಚಿನ ಪಟ್ಟಿ), ಕಾರ್ಯಾದೇಶ (ಕೆಲಸ ಶುರುಮಾಡಿ ಎಂದು ಗುತ್ತಿಗೆದಾರರಿಗೆ ಕೊಡುವ ಆದೇಶ), ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ). ಕೊನೆಯದನ್ನು ಕಚೇರಿಯವರು ‘ಎಂ.ಬಿ.’ ಅನ್ನುತ್ತಾರೆ. ಬಿಲ್ ಆಗುವುದು ಅದರ ಲೆಕ್ಕದಲ್ಲೇ.

ಮೊದಲು ವಾರ್ಡಿನ ಎಂಜಿನಿಯರ್ ಹತ್ತಿರ ನಯವಾಗಿ ಕೇಳಿ. ಎಷ್ಟೋ ಸಲ ಅಲ್ಲೇ ತೋರಿಸಿಬಿಡುತ್ತಾರೆ. ಇಲ್ಲವಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ‘ಇಷ್ಟೊಂದು ದುಡ್ಡು ಯಾಕಾಯ್ತು?’ ಎಂದು ಬರೆದರೆ, ಅದು ಮಾಹಿತಿಯಲ್ಲ ಎಂದು ವಾಪಸ್ ಬರಬಹುದು. ಹೀಗೆ ಬರೆಯಿರಿ: ‘ಇಂಥ ಅಡ್ಡರಸ್ತೆಯ ಡಾಂಬರೀಕರಣ ಕಾಮಗಾರಿಯ ಎಸ್ಟಿಮೇಟ್, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪುಟಗಳ ದೃಢೀಕೃತ ಪ್ರತಿ ಕೊಡಿ.’ ಇದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅದನ್ನು ಕೇಳುವವರೇ ಕಡಿಮೆ.

ಟೇಪು ಹಿಡಿಯಿರಿ

ನನಗೆ ತುಂಬಾ ಇಷ್ಟದ ಭಾಗ ಇದು. ಎಸ್ಟಿಮೇಟ್‌ನಲ್ಲಿ ಉದ್ದ 200 ಮೀಟರ್, ಅಗಲ 5.5 ಮೀಟರ್, ಡಾಂಬರಿನ ದಪ್ಪ 30 ಮಿಲಿಮೀಟರ್ ಎಂದಿದೆ ಅಂದುಕೊಳ್ಳಿ. ಗುಣಿಸಿದರೆ 33 ಘನ ಮೀಟರ್. ರೋಲರ್ ಹೊಡೆದು ಕುಳಿತ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ಅಲ್ಲಿಗೆ ಒಟ್ಟು 76 ಟನ್ ಹತ್ತಿರ. 10 ಟನ್ ಹಿಡಿಯುವ ಟಿಪ್ಪರ್ ಆದರೆ ಏಳೆಂಟು ಲೋಡ್ ಬರಬೇಕು. ಬೆಳಿಗ್ಗೆ ಪೇಪರ್ ಹಿಡಿದು ಜಗಲಿಯಲ್ಲಿ ಕೂರುವ ತಾತನಿಗೆ ಈ ಎಣಿಕೆ ವಹಿಸಿ. ಅವರಷ್ಟು ಚೆನ್ನಾಗಿ ಇನ್ಯಾರೂ ಎಣಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಟೇಪಿನಲ್ಲಿ ಅಗಲ ಅಳೆಯಿರಿ. ಒಂದೇ ಕಡೆ ಅಲ್ಲ, ಐದಾರು ಕಡೆ. ಸಿಗುವುದು 5 ಮೀಟರ್, ಪುಸ್ತಕದಲ್ಲಿರುವುದು 5.5 ಅಂತಾದರೆ 3 ಘನ ಮೀಟರ್‌ಗೆ ಲೆಕ್ಕ ಕೇಳಬಹುದು. ದಪ್ಪ ನೋಡಲು ರಸ್ತೆ ಅಗೆಯಲು ಹೋಗಬೇಡಿ. ‘ನಮ್ಮ ಎದುರಿಗೇ ಕೋರ್ ತೆಗೆಸಿ ತೋರಿಸಿ’ ಎಂದು ಪತ್ರ ಕೊಡಿ. ಕೋರ್ ಅಂದರೆ ಯಂತ್ರದಲ್ಲಿ ರಸ್ತೆ ಕೊರೆದು ತೆಗೆಯುವ ದುಂಡನೆಯ ತುಂಡು.

ಯಾಕೆ ಈಗ?

ಇದನ್ನು ಕೆಲಸ ಶುರುವಾಗುವ ಮೊದಲೇ ಕೇಳಬೇಕು. ‘ಈ ರಸ್ತೆಯಲ್ಲಿ ಕುಡಿಯುವ ನೀರು, ಒಳಚರಂಡಿ, ಗ್ಯಾಸ್ ಪೈಪ್, ಕೇಬಲ್ ಕೆಲಸ ಬಾಕಿ ಇದೆಯೇ? ರಸ್ತೆ ಅಗೆಯಲು ಯಾರಿಗಾದರೂ ಅನುಮತಿ ಕೊಟ್ಟಿದ್ದೀರಾ?’ ಇಷ್ಟೇ ಸಾಕು. ಬಾಕಿ ಇದ್ದರೆ ಪೈಪ್ ಮೊದಲು, ಡಾಂಬರು ಆಮೇಲೆ ಎಂದು ಬೀದಿಯವರೆಲ್ಲ ಸಹಿ ಹಾಕಿ ಕೊಡಿ. ನಮ್ಮೂರಲ್ಲಿ ಅಕ್ಟೋಬರ್‌ನಲ್ಲೂ ಜೋರು ಮಳೆ ಬರುತ್ತದೆ. ಹಸಿ ನೆಲದ ಮೇಲೆ ಹಾಕಿದ ಡಾಂಬರು ಹಿಡಿಯುವುದಿಲ್ಲ. ಹಬ್ಬಕ್ಕೆ ಚೆಂದ ಕಾಣಲಿ ಅಂತ ಸುಮ್ನೆ ಒಪ್ಪಿಕೊಂಡರೆ ದೀಪಾವಳಿಗೆ ಜಲ್ಲಿ ಕಾಣುತ್ತದೆ, ಅಲ್ವಾ?

ಉತ್ತರ ಬಾರದಿದ್ದರೆ

ಏನೇ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕು ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ವಿನಾಕಾರಣ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು. ಕೆಲಸದ ಬಗ್ಗೆ ಬರೀ ದೂರು ಕೊಡುವುದಾದರೆ ಜನಸ್ಪಂದನ ಸಹಾಯವಾಣಿ 1902 ಇದೆ. ಅಲ್ಲಿ ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಟೆಂಡರ್ ಕಾಗದದಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಎಂಬ ಸಾಲು ಹುಡುಕಿ. ಆ ಅವಧಿಯಲ್ಲಿ ಕಿತ್ತುಬಂದ ರಸ್ತೆಯನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅದು ಮುಗಿಯುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹೊಸ ವರ್ಷ ಬಂದಾಗ ಹೊಸ ಕ್ಯಾಲೆಂಡರಿಗೆ ದಾಟಿಸಿ. ಅದಕ್ಕೆ ಎರಡು ತಿಂಗಳು ಮೊದಲೇ ಗುಂಡಿಗಳ ಫೋಟೊ ಸಮೇತ ಪತ್ರ ಕಚೇರಿಯಲ್ಲಿರಲಿ.