ಆಫ್ ಆದ ಫೋನಿಗೆ ಸಿಡಿಲಿನ ಎಚ್ಚರಿಕೆ

ಶಿರಾ ತಾಲ್ಲೂಕಿನ ಕುರಿಗಾಹಿಗಳ ಬಳಿ ನಾನು ಮೊದಲು ಹೋದದ್ದು ಭರಣಿ ಮಳೆಯ ದಿನಗಳಲ್ಲಿ, ಕೈಯಲ್ಲಿ 24 ಪ್ರಶ್ನೆಗಳ ಹಾಳೆ ಹಿಡಿದು. ಓದಿದ್ದು ಹವಾಮಾನ ವಿಜ್ಞಾನ. ಕಾದ ನೆಲದ ಮೇಲೆ ಮಧ್ಯಾಹ್ನದ ಮೋಡ ಹೇಗೆ ಗೋಪುರದಂತೆ ಏಳುತ್ತದೆ ಎಂದು ಹೇಳಬಲ್ಲೆ. ಅದರ ಕೆಳಗೆ ನಿಂತವರ ಲೆಕ್ಕಾಚಾರ ಗೊತ್ತಿರಲಿಲ್ಲ.

"ಎಚ್ಚರಿಕೆ ಬಂದರೆ ಏನು ಮಾಡುತ್ತೀರಿ?" ಎಂದರೆ ಎಲ್ಲರದ್ದೂ ಒಂದೇ ಉತ್ತರ: "ಮನೆ ಸೇರುತ್ತೇವೆ ಸ್ವಾಮಿ." ಮೇಷ್ಟರ ಮುಂದೆ ಮಗ್ಗಿ ಒಪ್ಪಿಸಿದ ಹಾಗೆ. ಮೂರನೆಯ ದಿನ ಹಾಳೆಯನ್ನು ಚೀಲಕ್ಕೆ ತುರುಕಿ ಕುರಿಗಳ ಹಿಂದೆ ನಡೆದೆ. ಉಳಿಸಿಕೊಂಡದ್ದು ಒಂದೇ ಪ್ರಶ್ನೆ: "ಹೋದ ಸಲ ಗುಡುಗಿದಾಗ ಎಲ್ಲಿದ್ದಿರಿ?"

ಹಿರಿಯರೊಬ್ಬರು ಮಾಡಿಯೇ ತೋರಿಸಿದರು. ಗುಡುಗು ಕೇಳಿದೊಡನೆ ಮೊಬೈಲ್ ಆಫ್ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕಂಬಳಿಯೊಳಗೆ ಇಡುವುದು. ಅದು ಸಿಡಿಲನ್ನು ಎಳೆಯುತ್ತದಂತೆ. ಮೊಬೈಲ್ ಹಾಗೆ ಎಳೆಯುವುದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸುತ್ತಲಿನ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲಿನ ಸುಳಿವು ಕೊಡುತ್ತದೆ, ಆದರೆ ಬೇಕಾದ ಹೊತ್ತಿಗೆ ಫೋನೇ ಸತ್ತಿರುತ್ತದೆ. ಸೊಪ್ಪು ಎಳೆಯುವ ಕುಡುಗೋಲು ಕಟ್ಟಿದ ಉದ್ದನೆಯ ದೋಟಿಯನ್ನು ಮಾತ್ರ ಅವರು ನೆಟ್ಟಗೆ ಹಿಡಿದೇ ನಿಂತಿದ್ದರು!

ಮಳೆ ಬಿದ್ದರೆ ಕುರಿಗಳು ಹುಣಸೆ ಮರದಡಿ ಒತ್ತಿಕೊಳ್ಳುತ್ತವೆ. ಬಿಟ್ಟು ಬರುವವರು ಯಾರು? ಹಿಂಡು ಕೂಡಿಸಿ ಊರು ಮುಟ್ಟಲು ಮುಕ್ಕಾಲು ಗಂಟೆ ಬೇಕು, ಗಡಿಯಾರ ಹಿಡಿದು ನೋಡಿದ್ದೇನೆ. ಅರ್ಧ ಗಂಟೆ ಮುಂಚಿನ ಎಚ್ಚರಿಕೆ ನನ್ನ ಲೆಕ್ಕದಲ್ಲಿ ಸಾಧನೆ, ಅವರ ಲೆಕ್ಕದಲ್ಲಿ ಹದಿನೈದು ನಿಮಿಷದ ಸಾಲ.

ಹಾಗಾಗಿ ಹವಾಮಾನ ಇಲಾಖೆಯ ಆ ದಿನದ ಮುನ್ಸೂಚನೆಯನ್ನು ಬೆಳಿಗ್ಗೆ ಹಾಲಿನ ಡೈರಿಯಲ್ಲೇ ಓದಿಸತೊಡಗಿದೆವು. ಹಿಂಡು ಯಾವ ಕಡೆಗೆ, ಎಷ್ಟು ದೂರ ಎಂಬುದು ತೀರ್ಮಾನವಾಗುವುದು ಆ ಹೊತ್ತಿಗೇ. ಬಯಲಿಗೆ ಹೋದ ಮೇಲೆ ಫೋನು ಬೇಡದ ಎಣಿಕೆ: ಮಿಂಚು ಕಂಡು ಸೆಕೆಂಡಿಗೊಂದರಂತೆ 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ, ಮರದಡಿಯಲ್ಲದ ಆಸರೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಆಸರೆ ಬಿಟ್ಟು ಹೊರಡಬಾರದು.

ಹಿರಿಯರು ಸೆಕೆಂಡು ಒಪ್ಪಲಿಲ್ಲ, ಸಂಜೆ ರೊಪ್ಪದ ಬಾಗಿಲಲ್ಲಿ ಕುರಿ ಎಣಿಸುವ ಹಾಗೆಯೇ ಎಣಿಸುತ್ತೇನೆ ಎಂದರು. ಹೋಲಿಸಿ ನೋಡಿದೆ. ಅವರ ಮೂವತ್ತು ನನ್ನ ಗಡಿಯಾರದ ಮೂವತ್ತನಾಲ್ಕು. ತಪ್ಪಿದರೂ ಒಳ್ಳೆಯ ಕಡೆಗೇ ತಪ್ಪುತ್ತಿತ್ತು, ತಿದ್ದಲಿಲ್ಲ.