ಗೀಸರ್ ಚೀಟಿ ಓದಿ, ಕರೆಂಟಿನ ಲೆಕ್ಕ ತಿಳಿಯಿರಿ

ಗೀಸರಿನ ಮೈಮೇಲೆ ಒಂದು ಸಣ್ಣ ಚೀಟಿ ಇರುತ್ತದೆ: 230 ವೋಲ್ಟ್, 50 ಹರ್ಟ್ಸ್, 2000 ವಾಟ್. ಪ್ಲಗ್ ಚುಚ್ಚುವ ಮೊದಲು ಇದನ್ನು ಓದಿಕೊಳ್ಳಿ.

ವೋಲ್ಟ್ ಎಂದರೆ ತಂತಿಯಲ್ಲಿ ವಿದ್ಯುತ್ತನ್ನು ಮುಂದಕ್ಕೆ ತಳ್ಳುವ ಒತ್ತಡ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಹರ್ಟ್ಸ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ದೇಶದಲ್ಲೆಲ್ಲ ಅದು 50.

ಈಗ ವಾಟನ್ನು ವೋಲ್ಟಿನಿಂದ ಭಾಗಿಸಿ. 2000 ಭಾಗಿಸು 230, ಸುಮಾರು 8.7. ಇದು ಆಂಪಿಯರ್, ಅಂದರೆ ತಂತಿಯಲ್ಲಿ ಹರಿಯುವ ಕರೆಂಟಿನ ಪ್ರಮಾಣ. ತಂತಿ ಬಿಸಿಯಾಗುವುದು ಇದರಿಂದಲೇ. ಸ್ವಿಚ್ ಬೋರ್ಡಿನ ಚಿಕ್ಕ ಸಾಕೆಟ್ ತಾಳುವುದು 6 ಆಂಪಿಯರ್, ದೊಡ್ಡದು 16. ಗೀಸರಿಗೆ ದೊಡ್ಡದೇ ಬೇಕು. ಇಷ್ಟು ಅನೇಕರಿಗೆ ಗೊತ್ತು. ಆದರೆ ಬಕೆಟ್ಟಿಗೆ ಇಳಿಬಿಡುವ 1500 ವಾಟಿನ ಕಾಯಿಲ್ ಕೂಡ 6.5 ಆಂಪಿಯರ್ ಎಳೆಯುತ್ತದೆ! ಅದನ್ನು ಚಿಕ್ಕ ಸಾಕೆಟ್ಟಿಗೋ ಎಕ್ಸ್‌ಟೆನ್ಶನ್ ಬಾಕ್ಸಿಗೋ ಸಿಕ್ಕಿಸುವ ಮನೆಗಳು ಎಷ್ಟೋ. ಸಾಕೆಟ್ಟಿನ ತೂತಿನ ಸುತ್ತ ಕಂದು ಕಲೆ ಕಂಡರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಅದರ ಬಳಕೆಯನ್ನು ಅಂದೇ ನಿಲ್ಲಿಸಿ.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು ಹೆಚ್ಚು ಆಂಪಿಯರಿನದನ್ನು ಹಾಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯಲು. ತಂತಿ ಹಳೆಯದೇ ಉಳಿದು ಎಂಸಿಬಿ ಮಾತ್ರ ದೊಡ್ಡದಾದರೆ, ತಂತಿ ಕಾದು ಸುಡುವಾಗಲೂ ಅದು ಸುಮ್ಮನಿರುತ್ತದೆ.

ಇನ್ನು ಬಿಲ್ಲಿನ ಯೂನಿಟ್. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವಾಟಿನ ಗೀಸರ್ ಅರ್ಧ ಗಂಟೆಯಲ್ಲೇ ಅಷ್ಟನ್ನು ಮುಗಿಸುತ್ತದೆ. 9 ವಾಟಿನ ಎಲ್‌ಇಡಿ ಬಲ್ಬಿಗೆ ಅದಕ್ಕೆ 111 ಗಂಟೆ ಬೇಕು. ದಿನಕ್ಕೆ ಅರ್ಧ ಗಂಟೆ ಗೀಸರ್ ಕಾದರೆ ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯ ಗರಿಷ್ಠ ಮಿತಿಯೇ 200 ಯೂನಿಟ್ ಎಂಬುದನ್ನು ನೆನೆದರೆ ಇದು ಸಣ್ಣ ಪಾಲಲ್ಲ.

ಕೊನೆಗೆ, ಪ್ಲಗ್ಗಿನ ಮೂರನೆಯ ಪಿನ್. ದಪ್ಪಗೆ, ಉದ್ದಕ್ಕೆ ಇರುವ ಅದು ಅರ್ಥಿಂಗ್‌ನದು. ಗೀಸರಿನ ಲೋಹದ ಭಾಗಕ್ಕೆ ಕರೆಂಟ್ ಸೋರಿದರೆ ಅದನ್ನು ನೆಲಕ್ಕೆ ಇಳಿಸುವ ದಾರಿ ಇದೇ. ಜೊತೆಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇರಲಿ. ಮನೆಗಳಿಗೆ ಹಾಕುವ 30 ಮಿಲಿಆಂಪಿಯರಿನದು ಅಷ್ಟು ಸಣ್ಣ ಸೋರಿಕೆಗೇ ಕರೆಂಟ್ ಕಡಿಯುತ್ತದೆ. ಎಂಸಿಬಿಗೆ ಆ ಸೋರಿಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಮೇಲೆ ‘ಟೆಸ್ಟ್’ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಿ. ಕರೆಂಟ್ ಹೋಗಲಿಲ್ಲವಾದರೆ, ಗೀಸರ್ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.