16 ವರ್ಷದ ಮೇಲ್ ಇಟ್ಟುಕೊಂಡು ಥಂಡರ್‌ಬರ್ಡ್ ಅಪ್‌ಗ್ರೇಡ್ ಮಾಡಿದ್ದು

ದಾವಣಗೆರೆಯಲ್ಲಿ ನಂದೊಂದು ಚಿಕ್ಕ ಆಫೀಸು. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವ ಕೆಲಸ. ಮೆಕ್ಕೆಜೋಳದ ವ್ಯಾಪಾರಿಗಳು, ಬಟ್ಟೆ ಅಂಗಡಿಯವರು, ಎರಡು ಮಂಡಕ್ಕಿ ಭಟ್ಟಿ, ಒಂದು ಬೆಣ್ಣೆ ದೋಸೆ ಹೋಟೆಲು, ಇವರೇ ಗಿರಾಕಿಗಳು. ಬಿಲ್ಲಿನ ಫೋಟೋ ಎಲ್ಲ ಈಗ ವಾಟ್ಸಾಪ್‌ಗೆ ಬರುತ್ತವೆ. ಆದರೆ ನೋಟಿಸು, ಬ್ಯಾಂಕ್ ಸ್ಟೇಟ್‌ಮೆಂಟು, ಆಡಿಟರ್ ಜೊತೆಗಿನ ಪತ್ರವ್ಯವಹಾರ ಇನ್ನೂ ಇಮೇಲ್‌ನಲ್ಲೇ.

ಆ ಇಮೇಲ್ ಇಳಿಸಿಕೊಂಡು ಓದೋಕೆ 2009ರಿಂದ ನಾನು ಥಂಡರ್‌ಬರ್ಡ್ ಅನ್ನೋ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಆಫೀಸಿನ ಹೆಸರಲ್ಲಿರುವ ಮೇಲ್‌ಬಾಕ್ಸ್‌ಗೆ ಸರ್ವರ್‌ನಲ್ಲಿ ಸಿಕ್ಕಿರುವ ಜಾಗ ಬರೀ 1 ಜಿಬಿ. ಹಾಗಾಗಿ ಮೊದಲಿಂದಲೂ ಪಾಪ್ ಪದ್ಧತಿ. ಮೇಲ್ ನನ್ನ ಕಂಪ್ಯೂಟರ್‌ಗೆ ಇಳಿಯುತ್ತದೆ, ಸರ್ವರ್‌ನಿಂದ ಅಳಿಯುತ್ತದೆ. ಅಂದರೆ 16 ವರ್ಷದ ಮೇಲ್ ನನ್ನ ಟೇಬಲ್ ಕೆಳಗಿರುವ ಆ ಧೂಳು ಹಿಡಿದ ಡಬ್ಬಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇದು ಗೊತ್ತಿದ್ದೂ ಸುಮ್ನೆ ಕೂತಿದ್ದೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ನನ್ನ ಹತ್ತಿರ ಇದ್ದದ್ದು 102ನೇ ಆವೃತ್ತಿ, 2022ರದ್ದು. 2023ರ ಜುಲೈನಲ್ಲಿ 115 ಬಂತು, 2024ರಲ್ಲಿ 128, 2025ರ ಜುಲೈನಲ್ಲಿ 140. ಪ್ರತಿ ಸಲ ಅಪ್‌ಡೇಟ್ ಕಿಟಕಿ ಮೇಲೆದ್ದಾಗ ‘ಈಗ ಬೇಡ’ ಒತ್ತುತ್ತಿದ್ದೆ. ಮಾಡಬಾರದು ಅಂತೇನಿಲ್ಲ, ಆದರೆ ಯಾವಾಗ ಮಾಡೋದು? ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್. ಅದು ಮುಗಿಯುವಷ್ಟರಲ್ಲಿ ಇನ್ಯಾವುದೋ ಗಡುವು. ಸರಿಯಾಗಿ ಓಡುತ್ತಿರೋ ಗಾಡಿ ಯಾಕೆ ಬಿಚ್ಚಬೇಕು, ಅಲ್ವಾ?

ಮನಸ್ಸು ಬದಲಾಗಿದ್ದು ಒಂದು ಮೇಲ್‌ನಿಂದ. ಗಿರಾಕಿಯೊಬ್ಬರ ಹೆಸರಲ್ಲಿ ಬಂದಿತ್ತು, ಜೊತೆಗೊಂದು ಜಿಪ್ ಫೈಲು. ಅವರಿಗೆ ಫೋನ್ ಮಾಡಿ ಕೇಳಿದರೆ, ‘ನಾನೇನೂ ಕಳ್ಸಿಲ್ರೀ’ ಅಂದರು. ಅದನ್ನು ತೆರೆಯದೆ ಅಳಿಸಿದೆ. ಆದರೆ ಅವತ್ತು ಕೂತು ಯೋಚಿಸಿದೆ. ಹಳೇ ಆವೃತ್ತಿಗೆ ಭದ್ರತೆಯ ತೇಪೆ ಬರೋದು ನಿಂತು ಎಷ್ಟೋ ಕಾಲ ಆಗಿದೆ. ಊರವರೆಲ್ಲ ಕಳಿಸಿದ ಫೈಲುಗಳನ್ನು ದಿನಾ ತೆರೆಯೋ ಕಂಪ್ಯೂಟರ್‌ನಲ್ಲಿ ಇದು ಸರಿಯಲ್ಲ.

ಔಟ್‌ಲುಕ್‌ಗೆ ಹೋಗಬಹುದಿತ್ತು. ಹೊಸ ಔಟ್‌ಲುಕ್‌ನಲ್ಲಿ ಜಿಮೇಲ್‌ನಂಥ ಖಾತೆ ಸೇರಿಸಿದರೆ ಮೇಲ್‌ಗಳ ಪ್ರತಿ ಮೈಕ್ರೋಸಾಫ್ಟ್ ಕ್ಲೌಡ್‌ಗೂ ಹೋಗುತ್ತದೆ. ಗಿರಾಕಿಗಳ ಕಾಗದ ಇನ್ನೊಂದು ಕಡೆ ಕೂರೋದು ನನಗೆ ಬೇಡವಾಗಿತ್ತು. ಥಂಡರ್‌ಬರ್ಡ್‌ನಲ್ಲಿ ಇನ್ನೊಂದು ಸಮಾಧಾನ ಇದೆ. ಅದರ ಒಂದೊಂದು ಫೋಲ್ಡರೂ ಒಂದೊಂದು ಸಾದಾ ಫೈಲು. ಹೆಸರಿನ ಕೊನೆಗೆ ಚುಕ್ಕೆ ಇಲ್ಲ, ಬಾಲ ಇಲ್ಲ. ‘2011’ ಅನ್ನೋ ಫೋಲ್ಡರಿನ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ಒಂದರ ಕೆಳಗೊಂದು ಮೇಲ್ ಹಾಗೇ ಬಿದ್ದಿವೆ. ಪ್ರತಿಯೊಂದರ ತಲೆ ಮೇಲೆ ಬಂದ ತಾರೀಕು, ಯಾರಿಂದ, ಯಾರಿಗೆ. ನಾಳೆ ಥಂಡರ್‌ಬರ್ಡೇ ಇಲ್ಲವಾದರೂ ಇದನ್ನು ಹೇಗೋ ಓದಬಹುದು. ಪಕ್ಕದಲ್ಲಿ ಎಂಎಸ್‌ಎಫ್ ಅಂತ ಕೊನೆಯಾಗುವ ಇನ್ನೊಂದು ಫೈಲು ಇರುತ್ತದೆ. ಅದು ಬರೀ ಸೂಚಿ, ಕೆಟ್ಟರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ.

ಅಪ್‌ಗ್ರೇಡ್ ಮಾಡೋದು ಅಂತ ಆಯಿತು. ಇಲ್ಲಿ ಒಂದು ವಿಷಯ ಮೊದಲೇ ತಿಳಿದುಕೊಂಡಿದ್ದು ಒಳ್ಳೇದಾಯಿತು: ಹೊಸ ಆವೃತ್ತಿ ಒಮ್ಮೆ ನಿಮ್ಮ ಪ್ರೊಫೈಲ್ ಫೋಲ್ಡರನ್ನು (ಮೇಲ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಇರುವ ಜಾಗ) ತೆರೆದರೆ, ಹಳೇ ಆವೃತ್ತಿ ಅದನ್ನು ಮುಟ್ಟೋದಿಲ್ಲ. ‘ಹೊಸ ಪ್ರೊಫೈಲ್ ಮಾಡಿಕೊಳ್ಳಿ’ ಅಂತ ಕೇಳಿ ಕೂರುತ್ತದೆ. ಇಷ್ಟವಾಗದಿದ್ದರೆ ವಾಪಸ್ ಹೋಗೋಣ ಅನ್ನೋ ಲೆಕ್ಕ ನಡೆಯೋದಿಲ್ಲ. ವಾಪಸ್ ಹೋಗೋಕೆ ಹೊಸ ಆವೃತ್ತಿ ಮುಟ್ಟದ ಒಂದು ಪ್ರತಿ ಬೇಕೇ ಬೇಕು.

ಆಗಸ್ಟ್ 20 ಕಳೆಯಿತು. 21ರ ಸಂಜೆ ಥಂಡರ್‌ಬರ್ಡ್ ಮುಚ್ಚಿ, ಪೂರ್ತಿ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿದೆ. 31 ಜಿಬಿ. ಎಕ್ಸ್‌ಪೋರ್ಟ್ ಅಂತ ಮೆನುವಿನಲ್ಲೇ ಒಂದಿದೆ, ಆದರೆ ಅದು 2 ಜಿಬಿ ಒಳಗಿನವರಿಗೆ. ನಮ್ಮಂಥವರು ಫೋಲ್ಡರನ್ನೇ ನಕಲು ಮಾಡಬೇಕು. ನಕಲಾಗುವಷ್ಟರಲ್ಲಿ ಕೆಳಗೆ ಹೋಗಿ ಖಾರ ಮಂಡಕ್ಕಿ, ಮಿರ್ಚಿ ತಿಂದು ಬಂದೆ.

ರಾತ್ರಿ ಮನೆಯ ಲ್ಯಾಪ್‌ಟಾಪ್‌ನಲ್ಲಿ 140 ಹಾಕಿ, ಆ ಪ್ರತಿಯ ಇನ್ನೊಂದು ಪ್ರತಿಯನ್ನು ಅದಕ್ಕೆ ಕೊಟ್ಟೆ. ಎಲ್ಲ ಫೋಲ್ಡರ್ ಬಂದವು. 2010ರ ಕೆಲವು ಮೇಲ್ ತೆರೆದರೆ ಎದೆ ಧಸಕ್ಕೆಂದಿತು. ಕನ್ನಡವೇ ಇಲ್ಲ. ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹೊಸ ಆವೃತ್ತಿ ಎಲ್ಲ ಹಾಳು ಮಾಡಿತು ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು ಹೊಳೀತು. ಅವೆಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು. ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟೇ ಇರಲಿಲ್ಲ. ಹಾಕಿದೆ, ಪತ್ರಗಳು ಕನ್ನಡಕ್ಕೆ ಬಂದವು.

ಮಾಡಿದ ತಪ್ಪು ಬೇರೆಯೇ. ಮರುದಿನ ಬೆಳಿಗ್ಗೆ ಭಟ್ಟಿ ಸಾಹುಕಾರರ ಫೋನು: ‘ಸರ, ನಿನ್ನೆ ರಾತ್ರಿನೇ ಸ್ಟೇಟ್‌ಮೆಂಟ್ ಕಳ್ಸಿದ್ನಲ್ರೀ, ನೋಡ್ಲಿಲ್ಲೇನ್ರೀ?’ ಆಫೀಸಿನ ಇನ್‌ಬಾಕ್ಸ್‌ನಲ್ಲಿ ಇಲ್ಲ. ಸ್ಪ್ಯಾಮ್‌ನಲ್ಲೂ ಇಲ್ಲ. ಸರ್ವರ್‌ನಲ್ಲಿ ನೋಡಿದರೆ ಖಾಲಿ. ಆಗ ಅರ್ಥವಾಯಿತು. ಲ್ಯಾಪ್‌ಟಾಪ್‌ನಲ್ಲಿ ವೈಫೈ ಇತ್ತು. ಪ್ರತಿಯ ಜೊತೆ ಪಾಸ್‌ವರ್ಡೂ ಹೋಗಿತ್ತು. ಪರೀಕ್ಷೆಗೆ ಇಟ್ಟ ಥಂಡರ್‌ಬರ್ಡು ಅದರ ಪಾಡಿಗೆ ಅದು ಹೊಸ ಮೇಲ್‌ಗಳನ್ನು ಇಳಿಸಿಕೊಂಡು, ಸರ್ವರ್‌ನಲ್ಲಿ ಅಳಿಸಿ ಕೂತಿತ್ತು. 11 ಮೇಲ್! ಮೇಲ್ ಸರ್ವರ್‌ನಲ್ಲೇ ಉಳಿಯುವ ಐಮ್ಯಾಪ್ ಪದ್ಧತಿ ಆಗಿದ್ದರೆ ಈ ಪಜೀತಿ ಇರುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಆ 11ನ್ನೂ ಆರಿಸಿ, ಒಂದು ಮೇಲ್‌ಗೆ ಒಂದರಂತೆ ಇಎಂಎಲ್ ಫೈಲುಗಳಾಗಿ ಪೆನ್ ಡ್ರೈವ್‌ಗೆ ಉಳಿಸಿದೆ. ಆಫೀಸಿಗೆ ತಂದು ಇನ್‌ಬಾಕ್ಸ್ ಮೇಲೆ ಎಳೆದು ಬಿಟ್ಟೆ. ಸರಿಹೋಯಿತು. ನೀವು ಹೀಗೆ ಪರೀಕ್ಷೆ ಮಾಡೋದಾದರೆ ಥಂಡರ್‌ಬರ್ಡ್ ತೆರೆಯೋಕೆ ಮುಂಚೆ ವೈಫೈ ಆಫ್ ಮಾಡಿ. ತೆರೆದ ಮೇಲೆ ಮೊದಲ ಕೆಲಸವಾಗಿ, ಖಾತೆಯ ಸೆಟ್ಟಿಂಗ್‌ನಲ್ಲಿ ‘ಶುರುವಾದ ಕೂಡಲೇ ಹೊಸ ಮೇಲ್ ನೋಡು’, ‘ಇಷ್ಟಿಷ್ಟು ನಿಮಿಷಕ್ಕೊಮ್ಮೆ ನೋಡು’ ಎರಡೂ ಟಿಕ್ ತೆಗೆಯಿರಿ.

ಗಣೇಶನ ಹಬ್ಬಕ್ಕೆ ಮೂರು ದಿನ ಮುಂಚೆ, 24ನೇ ತಾರೀಕು ಭಾನುವಾರ, ಆಫೀಸಿನಲ್ಲಿ ಕೂತೆ. ಹೊರಗೆ ಪೆಂಡಾಲಿನ ಮೈಕ್ ಟೆಸ್ಟಿಂಗ್. 22, 23ರ ಮೇಲ್ ಸೇರಲಿ ಅಂತ ಮತ್ತೊಂದು ಪ್ರತಿ ತೆಗೆದೆ. ಆಮೇಲೆ ಇನ್‌ಸ್ಟಾಲ್. 140ರಲ್ಲೂ ಇಎಸ್‌ಆರ್ ಅನ್ನೋದನ್ನೇ ಆರಿಸಿಕೊಂಡೆ. 2025ರ ಮಾರ್ಚ್‌ನಿಂದ ಡೌನ್‌ಲೋಡ್ ಪುಟದಲ್ಲಿ ಮೊದಲು ಸಿಗೋದು ತಿಂಗಳಿಗೊಮ್ಮೆ ಬದಲಾಗುವ ಬಗೆ. ಇಎಸ್‌ಆರ್‌ನಲ್ಲಿ ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ, ನಡುವೆ ಬರೀ ತೇಪೆ. ಲೆಕ್ಕದ ಕೆಲಸದವರಿಗೆ ಇದೇ ಸರಿ. ಪ್ರತಿ ತಿಂಗಳೂ ಬಟನ್ ಹುಡುಕೋಕೆ ನಮಗೆ ಪುರುಸೊತ್ತಿಲ್ಲ.

ಇದೇ ಥಂಡರ್‌ಬರ್ಡ್‌ನಲ್ಲಿರುವ ನನ್ನ ಜಿಮೇಲ್ ಖಾತೆಗೆ ಏನೂ ಮಾಡಬೇಕಾಗಲಿಲ್ಲ. ಅದರ ಕಷ್ಟ 2022ರ ಮೇ ಕೊನೆಗೇ ಪಟ್ಟಾಗಿತ್ತು. ಆಗ ಗೂಗಲ್ ಬರೀ ಪಾಸ್‌ವರ್ಡ್‌ನಿಂದ ಇಂಥ ಸಾಫ್ಟ್‌ವೇರ್ ಒಳಗೆ ಬಿಡೋದು ನಿಲ್ಲಿಸಿತು. ನಾನು ಬರುವ ಮೇಲ್‌ಗೆ ಓಆತ್2 (ಗೂಗಲ್ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಕೊಡುವ ಬಗೆ) ಹಾಕಿ, ಹೋಗುವ ಮೇಲ್‌ಗೆ ಮರೆತು, ಎರಡು ದಿನ ‘ಬರುತ್ತೆ, ಹೋಗಲ್ಲ’ ಅಂತ ಒದ್ದಾಡಿದ್ದೆ.

ಮೇಲ್‌ಗಳನ್ನು ಒಟ್ಟಿಗೆ ಪಿಡಿಎಫ್ ಮಾಡುವ ಆಡ್-ಆನ್ ಒಂದು ಕೈಕೊಟ್ಟಿತು. ಅದರ ಹೊಸ ಆವೃತ್ತಿ ಇತ್ತು, ಹಾಕಿಕೊಂಡೆ.

ಸೋಮವಾರ ನಮ್ಮ ಆಫೀಸಿನ ಹುಡುಗಿ ಬಂದು ಕೂತವಳೇ, ‘ಸರ್, ಮೇಲ್ ತರಿಸೋ ಬಟನ್ ಎಲ್ಲಿ ಹೋಯ್ತು?’ ಅಂದಳು. ಅದು ಎಡಗಡೆ ಫೋಲ್ಡರ್ ಪಟ್ಟಿಯ ತಲೆಗೆ ಹೋಗಿದೆ. ಮೆನು ಪಟ್ಟಿ ಟೂಲ್‌ಬಾರ್‌ನ ಕೆಳಗಿಳಿದಿದೆ, ಅದು ನನಗೆ ಇವತ್ತಿಗೂ ಸರಿ ಕಾಣೋದಿಲ್ಲ. ಮೇಲ್‌ಗಳನ್ನು ಫೋನಿನ ಹಾಗೆ ಕಾರ್ಡುಗಳಾಗಿ ತೋರಿಸುವ ನೋಟವನ್ನೂ ನೋಡಿದೆವು. ಒಂದು ಪರದೆಗೆ ಅರ್ಧದಷ್ಟೂ ಹಿಡಿಯೋದಿಲ್ಲ ಅಂತ ಟೇಬಲ್ ನೋಟವನ್ನೇ ಇಟ್ಟುಕೊಂಡೆವು. ಅಕ್ಷರ ಮಾತ್ರ ಎರಡು ಮೆಟ್ಟಿಲು ದೊಡ್ಡದು ಮಾಡಿಕೊಂಡೆ. ಹಳೇದರಲ್ಲಿ ಕನ್ನಡಕ ಹಣೆಗೇರಿಸಿ ಓದಬೇಕಿತ್ತು.

ಹಾರ್ಡ್ ಡಿಸ್ಕ್‌ನ ಆ 31 ಜಿಬಿ ಪ್ರತಿಯನ್ನು ಇನ್ನೂ ಅಳಿಸಿಲ್ಲ. ಮೇಲೊಂದು ಚೀಟಿ ಅಂಟಿಸಿ, ‘ಮುಟ್ಟಬೇಡಿ, 102’ ಅಂತ ಬರೆದು, ಚೆಕ್ ಬುಕ್ ಇಡುವ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.